ಮೊದಲು ಕಾಂಡ, ಆಮೇಲೆ ಕುಂಡ: ತಾರಸಿಯ ಮೇಲೆ ಬೋನ್ಸಾಯ್ ಬೆಳೆಸುವ ಬಗೆ

ನಮ್ಮ ಮನೆಯ ತಾರಸಿಯ ಮೂಲೆಯಲ್ಲೊಂದು ಆಲದ ಮರವಿದೆ. ಎತ್ತರ ಎರಡು ಅಡಿ, ಬುಡದ ಅಡ್ಡಳತೆ ನಾಲ್ಕು ಅಂಗುಲ. 2004ರಲ್ಲಿ ಮೈಸೂರಿನ ನಮ್ಮ ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾಗ ಅದರ ಗೋಡೆಯ ಬಿರುಕಿನಲ್ಲಿ ಹೆಬ್ಬೆರಳು ಗಾತ್ರದ ಈ ಗಿಡ ಕಂಡಿತ್ತು. ಯಾವುದೋ ಹಕ್ಕಿ ಬೀಳಿಸಿದ ಬೀಜ. ಮನೆಯ ಯಜಮಾನರನ್ನು ಕೇಳಿದೆ, ಗಾರೆ ಕೆಲಸದವರು ಸುತ್ತಲಿನ ಇಟ್ಟಿಗೆ ಬಿಡಿಸಿ ಕಿತ್ತುಕೊಟ್ಟರು. ಅಂಗೈಯಷ್ಟು ಬೇರೂ ಉಳಿದಿರಲಿಲ್ಲ. ಆದರೂ ಬದುಕಿತು.

ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, 'ಇದನ್ನು ಹೇಗೆ ಕುಳ್ಳಾಗಿಸಿದಿರಿ?' ಎಂಬುದು. ಕುಳ್ಳಾಗಿಸುವುದು ಕತ್ತರಿಯ ಕೆಲಸ, ಅರ್ಧ ಗಂಟೆಯದು. ಕಾಂಡವನ್ನು ದಪ್ಪವಾಗಿಸುವುದಕ್ಕೆ ನನಗೆ ಆರು ವರ್ಷ ಹಿಡಿಯಿತು. ಬೋನ್ಸಾಯ್ ಕಲಿಯಲು ಹೊರಟವರು ಎಡವುವುದು ಇಲ್ಲಿಯೇ. ನರ್ಸರಿಯಿಂದ ಪೆನ್ಸಿಲ್ ಗಾತ್ರದ ಸಸಿ ತರುತ್ತಾರೆ, ಅದೇ ದಿನ ಚಂದದ ಜಪಾನಿ ತಟ್ಟೆಯಲ್ಲಿ ನೆಡುತ್ತಾರೆ. ತಟ್ಟೆಗೆ ಹೋದ ಗಿಡದ ಕಾಂಡ ಅಲ್ಲಿಂದಾಚೆ ಹೆಚ್ಚು ದಪ್ಪವಾಗುವುದಿಲ್ಲ. ಹತ್ತು ವರ್ಷ ಕಳೆದರೂ ಅದು ತಟ್ಟೆಯಲ್ಲಿನ ಸಸಿಯೇ. ನನ್ನ ಮೊದಲ ಹುಣಸೆ ಗಿಡಕ್ಕೆ ನಾನು ಮಾಡಿದ್ದೂ ಇದನ್ನೇ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಸತ್ತುಹೋಯಿತು.

ಬೋನ್ ಎಂದರೆ ತಟ್ಟೆಯಂಥ ಕುಂಡ, ಸಾಯ್ ಎಂದರೆ ನೆಡುವುದು. ಕುಂಡದಲ್ಲಿ ಕಿರುಮರ ಬೆಳೆಸುವ ಚೀನಾದ ಪೆಂಜಿಂಗ್ ಕಲೆ ಜಪಾನಿಗೆ ಹೋಗಿ ಪಡೆದ ರೂಪ ಇದು. ಹೆಸರಿನಲ್ಲಿ ಕುಂಡ ಮೊದಲು ಬಂದರೂ ಕೆಲಸದಲ್ಲಿ ಅದು ಕೊನೆಗೆ ಬರುತ್ತದೆ.

ಯಾವ ಗಿಡ?

ಜಪಾನಿನ ಪೈನ್, ಮೇಪಲ್‌ಗಳಿಗೆ ಚಳಿಗಾಲದ ನಿದ್ದೆ ಬೇಕು. ನಮ್ಮ ಬಯಲುಸೀಮೆಯಲ್ಲಿ ಆ ಚಳಿ ಇಲ್ಲ, ಆದ್ದರಿಂದ ಅವುಗಳ ಆಸೆ ಬಿಡಿ. ಹೊಸಬರಿಗೆ ನಾನು ಹೇಳುವುದು, ನರ್ಸರಿಯವರು ಬರೀ ಫೈಕಸ್ ಎಂದು ಕರೆಯುವ, ಸಣ್ಣ ಹೊಳಪಿನ ಎಲೆಯ ಗಿಡ. ಆಲ, ಅರಳಿ, ಅತ್ತಿಗಳ ಬಳಗದ್ದೇ. ಬೇರು ಕತ್ತರಿಸಿದರೂ, ಎಲೆಯೆಲ್ಲ ಚಿವುಟಿದರೂ, ಎರಡು ದಿನ ನೀರು ತಪ್ಪಿದರೂ ಕ್ಷಮಿಸುತ್ತದೆ. ಆಲ, ಅರಳಿಗಳಿಗೂ ಅದೇ ಗಟ್ಟಿತನವಿದೆ, ಆದರೆ ಎಲೆ ದೊಡ್ಡದು. ಗಿಡ ಮರದಂತೆ ಕಾಣುವಷ್ಟು ಎಲೆ ಚಿಕ್ಕದಾಗಲು ವರ್ಷಗಳು ಬೇಕು. ಮನೆಯಲ್ಲಿ ಅರಳಿ ಬೆಳೆಸಬಾರದೆಂದು ಹಿರಿಯರು ಹೇಳಿದರೆ ಹಟ ಹಿಡಿಯಬೇಡಿ, ಬೇರೆ ಗಿಡಗಳು ಬೇಕಾದಷ್ಟಿವೆ.

ಹುಣಸೆ ನನಗೆ ತೀರ ಅಚ್ಚುಮೆಚ್ಚು. ಎಲೆ ಹುಟ್ಟಿನಿಂದಲೇ ಸಣ್ಣದು, ತೊಗಟೆ ಬೇಗ ಬಿರುಕು ಬಿಟ್ಟು ಮುದಿತನ ತೋರುತ್ತದೆ. ಆದರೆ ಕಾಂಡ ದಪ್ಪವಾಗುವುದು ಬಹಳ ನಿಧಾನ. ಬೋಗನ್‌ವಿಲ್ಲಾ ಬಿಸಿಲು ಸುರಿಯುವ ಊರುಗಳಿಗೆ ಹೇಳಿಮಾಡಿಸಿದ್ದು, ರಾಯಚೂರು, ಕಲಬುರಗಿಯವರು ಅದರಿಂದಲೇ ಆರಂಭಿಸಬಹುದು. ಬೇರು ಮಾತ್ರ ಗಾಜಿನಂತೆ ಪಟಕ್ಕನೆ ಮುರಿಯುತ್ತದೆ, ಕುಂಡ ಬದಲಿಸುವಾಗ ಎಚ್ಚರ ಬೇಕು. ಜೇಡ್ ಗಿಡವೂ ಸುಲಭ, ನೀರು ಕಡಿಮೆ ಸಾಕು. ಮಾವು, ಹಲಸುಗಳ ಎಲೆ ಎಷ್ಟು ಮಾಡಿದರೂ ದೊಡ್ಡದಾಗಿಯೇ ಉಳಿಯುತ್ತದೆ, ಬೇಡ.

ನರ್ಸರಿಯಲ್ಲಿ ಕೊಳ್ಳುವಾಗ ಕೊಂಬೆ, ಎಲೆ ನೋಡಬೇಡಿ. ಚೀಲದ ಮಣ್ಣನ್ನು ಬೆರಳಿನಿಂದ ಒಂದು ಅಂಗುಲ ಕೆದಕಿ ಬುಡ ನೋಡಿ. ಬೇರುಗಳು ನಾಲ್ಕೂ ದಿಕ್ಕಿಗೆ ಹರಡಿದ್ದರೆ ಆ ಗಿಡ ನಿಮ್ಮದು. ಕೊಂಬೆಯನ್ನು ಯಾವಾಗ ಬೇಕಾದರೂ ಬೆಳೆಸಬಹುದು, ಒಂದೇ ಕಡೆಗೆ ತಿರುಚಿಕೊಂಡ ಬುಡವನ್ನು ನೆಟ್ಟಗೆ ಮಾಡುವುದು ಕಷ್ಟ. ನನ್ನ ಆಲದಂತೆ ಗೋಡೆ, ನೀರಿನ ಪೈಪುಗಳ ಸಂದಿಯಲ್ಲಿ ಹುಟ್ಟಿದ ಗಿಡಗಳು ಎಲ್ಲ ಊರಲ್ಲೂ ಇವೆ. ಹೇಗೂ ಕಿತ್ತೆಸೆಯುವಂಥವು, ಕೇಳಿ ತೆಗೆದುಕೊಳ್ಳಿ. ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಅನುಮತಿಯಿಲ್ಲದೆ ತಂದರೆ ಅಪರಾಧ, ಅನುಮತಿ ಸಿಕ್ಕರೂ ಹಳೆಯ ಕಾಡುಗಿಡ ಕುಂಡದಲ್ಲಿ ಬದುಕುವ ಭರವಸೆ ಇಲ್ಲ.

ಮೊದಲ ಐದಾರು ವರ್ಷ: ದಪ್ಪವಾಗಲು ಬಿಡಿ

ನೆಲವಿದ್ದರೆ ನೆಲದಲ್ಲಿ ನೆಡಿ. ಬುಡದ ಕೆಳಗೆ ಅರ್ಧ ಅಡಿ ಆಳದಲ್ಲಿ ಒಂದು ಹೆಂಚನ್ನೋ ಚಪ್ಪಟೆ ಕಲ್ಲನ್ನೋ ಇಡಿ. ತಾಯಿಬೇರು ಕೆಳಗಿಳಿಯಲಾರದೆ ಬೇರುಗಳು ಅಕ್ಕಪಕ್ಕ ಹರಡುತ್ತವೆ. ಮುಂದೆ ಆಳವಿಲ್ಲದ ಕುಂಡದಲ್ಲಿ ಕೂರಬೇಕಾದ ಗಿಡಕ್ಕೆ ಬೇಕಾದದ್ದೇ ಅದು. ತಾರಸಿ ಮಾತ್ರ ಇರುವವರು ಗಾರೆಯವರು ಬಳಸುವ ಪ್ಲಾಸ್ಟಿಕ್ ಬಾಂಡಲಿ ತಂದು ತಳಕ್ಕೆ ಎಂಟು ಹತ್ತು ತೂತು ಕೊರೆಯಿರಿ. ಅಗಲವಿದೆ, ಆಳ ಕಡಿಮೆ, ಬೆಲೆಯೂ ಕಡಿಮೆ. ಗಿಡವನ್ನು ದಪ್ಪವಾಗುವವರೆಗೆ ಸಾಕಲು ಇದಕ್ಕಿಂತ ಒಳ್ಳೆಯ ಕುಂಡ ನನಗೆ ಈವರೆಗೆ ಸಿಕ್ಕಿಲ್ಲ.

ಈಗ ಗಿಡವನ್ನು ಮನಸೋ ಇಚ್ಛೆ ಬೆಳೆಯಲು ಬಿಡಬೇಕು. ಕಾಂಡ ದಪ್ಪವಾಗುವುದು ಅದರ ಮೇಲಿರುವ ಎಲೆಗಳ ದುಡಿಮೆಯಿಂದ. ಎಲೆ ಹೆಚ್ಚಿದ್ದಷ್ಟೂ ಕಾಂಡಕ್ಕೆ ಲಾಭ. ಆರು ಅಡಿ ಎತ್ತರಕ್ಕೆ ಹೋದರೂ ಹೋಗಲಿ. ಕಾಂಡ ಬಯಸಿದ ದಪ್ಪಕ್ಕೆ ಬಂತೆನಿಸಿದಾಗ, ಮುಂದೆ ಮರ ಎಷ್ಟು ಎತ್ತರ ಇರಬೇಕೋ ಅದರ ಮೂರನೆಯ ಒಂದು ಭಾಗದಲ್ಲಿ ಕತ್ತರಿಸಿ. ಕೈ ನಡುಗುತ್ತದೆ, ನಿಜ. ಆದರೆ ಮೊಳೆತ ಚಿಗುರುಗಳಲ್ಲಿ ಒಂದನ್ನು ಹೊಸ ನೆತ್ತಿಯಾಗಿ ಬೆಳೆಸಿ, ಅದು ದಪ್ಪವಾದ ಮೇಲೆ ಮತ್ತೆ ಕತ್ತರಿಸಿ, ಹೀಗೆ ಎರಡು ಮೂರು ಸಲ ಮಾಡಿದಾಗಲೇ ಬುಡ ದಪ್ಪ, ಮೇಲೆ ಹೋದಂತೆ ಸಪುರ ಎಂಬ ಮರದ ಆಕಾರ ಬರುವುದು. ಒಟ್ಟು ಎತ್ತರ ಬುಡದ ಅಡ್ಡಳತೆಯ ಆರು ಪಟ್ಟು ಇದ್ದರೆ ಕಣ್ಣಿಗೆ ಹಿತ ಎಂಬುದು ಬೋನ್ಸಾಯ್ ಮಾಡುವವರು ಒಪ್ಪಿಕೊಂಡು ಬಂದ ಅಂದಾಜು.

ಕತ್ತರಿಸಿದ ತಲೆಯನ್ನು ಎಸೆಯುವುದು ನಷ್ಟ. ಕತ್ತರಿಸುವುದಕ್ಕೆ ಎರಡು ತಿಂಗಳು ಮೊದಲೇ ಆ ಜಾಗಕ್ಕೆ ಗೂಟಿ ಕಟ್ಟಿ. ಕಾಂಡದ ಸುತ್ತ ಅದರ ದಪ್ಪದ ಒಂದೂವರೆ ಪಟ್ಟು ಅಗಲಕ್ಕೆ ತೊಗಟೆ ಉಂಗುರದಂತೆ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟುವುದು. ಮಳೆಗಾಲದಲ್ಲಿ ಫೈಕಸ್ ಐದಾರು ವಾರಕ್ಕೆ ಬೇರು ಬಿಡುತ್ತದೆ. ಒಂದು ಗಿಡ ಎರಡಾಗುತ್ತದೆ.

ಆಕಾರಕ್ಕೆ ಮಾದರಿ ಬೇಕೆಂದರೆ ಜಪಾನಿನ ಚಿತ್ರಗಳಿಗಿಂತ ಮೊದಲು ನಮ್ಮ ಹೆದ್ದಾರಿ ಬದಿಯ ಹುಣಸೆ ಮರಗಳನ್ನು, ಊರ ಕಟ್ಟೆಯ ಅರಳಿಯನ್ನು ನೋಡಿ. ಬೆಂಗಳೂರಿನವರು ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಒಮ್ಮೆ ಹೋಗಿ ಬಿಳಲುಗಳು ನೆಲ ಮುಟ್ಟಿ ಕಂಬವಾದ ಬಗೆಯನ್ನು ನಿಧಾನವಾಗಿ ಗಮನಿಸಬೇಕು. ಕುಂಡದ ಮರಗಳನ್ನು ನೋಡಲು ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ತೋಟವಿದೆ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಅಲ್ಲಿ ನಿಂತು ನೋಡದೆ, ಬಗ್ಗಿ ಬುಡದ ಮಟ್ಟದಿಂದ ನೋಡಿ. ಮರದ ಕೆಳಗೆ ನಿಂತ ಮನುಷ್ಯನಿಗೆ ಅದು ಹೇಗೆ ಕಂಡೀತೋ ಹಾಗೆ ಕಾಣುತ್ತದೆ.

ಮಣ್ಣಲ್ಲದ ಮಣ್ಣು

ಆಳವಿಲ್ಲದ ಕುಂಡಕ್ಕೆ ತೋಟದ ಕೆಮ್ಮಣ್ಣು ಹಾಕಿದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಇಟ್ಟಿಗೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಜಪಾನಿನವರು ಅಕಡಾಮ ಎಂಬ ಕಾಳುಕಾಳಾದ ಜೇಡಿ ಬಳಸುತ್ತಾರೆ. ನಮಗೆ ಒಡೆದ ಮಂಗಳೂರು ಹೆಂಚು ಸಾಕು. ಹಳೆಯ ಮನೆ ಬಿಚ್ಚಿದ ಕಡೆ ಸಿಗುತ್ತದೆ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಜಜ್ಜಿ, ಎರಡು ಜರಡಿ ಹಿಡಿಯಿರಿ. ತೊಗರಿಬೇಳೆಯಿಂದ ಕಡಲೆಕಾಳಿನವರೆಗಿನ ಗಾತ್ರದ್ದು ಬೇಕು. ರವೆಯಂತೆ ಉದುರುವ ಸಣ್ಣ ಪುಡಿ ಖಂಡಿತ ಬೇಡ, ತೂತುಗಳನ್ನು ಮುಚ್ಚಿ ಬೇರು ಕೊಳೆಸುವುದು ಅದೇ.

ನನ್ನ ಅಳತೆ ಹೀಗೆ: ಹೆಂಚಿನ ಚೂರು ಎರಡು ಪಾಲು, ಅದೇ ಗಾತ್ರದ ಸಣ್ಣ ಜಲ್ಲಿ ಒಂದು ಪಾಲು, ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು. ಮಂಗಳೂರು, ಉಡುಪಿ ಕಡೆಯವರು ಮಳೆಯ ಲೆಕ್ಕ ಹಿಡಿದು ಗೊಬ್ಬರವನ್ನು ಅರ್ಧಕ್ಕಿಳಿಸಿ, ಬಳ್ಳಾರಿ ಕಡೆಯವರು ತುಸು ಹೆಚ್ಚಿಸಿಕೊಳ್ಳಿ.

ಕುಂಡಕ್ಕೆ ಇಳಿಸುವ ದಿನ

ಕುಂಡದ ಉದ್ದ ಮರದ ಎತ್ತರದ ಮೂರನೆಯ ಎರಡರಷ್ಟು, ಆಳ ಬುಡದ ದಪ್ಪದಷ್ಟು. ತಳದಲ್ಲಿ ದೊಡ್ಡ ತೂತು ಇಲ್ಲದ ಕುಂಡ ಎಷ್ಟು ಚಂದವಿದ್ದರೂ ಕೊಳ್ಳಬೇಡಿ.

ಕಾಲ ಮುಖ್ಯ. ಹಳೆ ಮೈಸೂರು ಸೀಮೆಯಲ್ಲಿ ಫೈಕಸ್ ಜಾತಿಗೆ ನಾನು ಕಾಯುವುದು ರೋಹಿಣಿ, ಮೃಗಶಿರಾ ಮಳೆಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೆಯ ವಾರದವರೆಗೆ. ನೆಲ ಇನ್ನೂ ಬೆಚ್ಚಗಿರುತ್ತದೆ, ಗಾಳಿಯಲ್ಲಿ ತೇವ ಬಂದಿರುತ್ತದೆ, ಗಿಡ ಬೆಳೆಯುವ ಹುರುಪಿನಲ್ಲಿರುತ್ತದೆ. ಡಿಸೆಂಬರ್ ಚಳಿಯಲ್ಲಿ ಬೇರು ಮುಟ್ಟಬೇಡಿ.

ಹಿಂದಿನ ದಿನ ನೀರು ಕೊಡಬೇಡಿ, ಮಣ್ಣು ಸುಲಭವಾಗಿ ಉದುರಲಿ. ಗಿಡವನ್ನು ಎತ್ತಿ ಬಿದಿರು ಕಡ್ಡಿಯಿಂದ ಬೇರುಗಳನ್ನು ಬಾಚಿ ಬಿಡಿಸಿ. ತಲೆ ಬಾಚಿದ ಹಾಗೆ ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ. ಕೆಳಮುಖವಾಗಿ ಇಳಿದ ದಪ್ಪ ಬೇರುಗಳನ್ನು ಕತ್ತರಿಸಿ, ಅಡ್ಡ ಹರಡಿದ ಸಣ್ಣ ಬೇರುಗಳನ್ನು ಉಳಿಸಿ. ಒಟ್ಟು ಬೇರಿನ ಮೂರನೆಯ ಒಂದಕ್ಕಿಂತ ಹೆಚ್ಚು ತೆಗೆಯಬೇಡಿ. ಈ ಕೆಲಸ ಮಾಡುವಾಗ ಬೇರು ಒಣಗಬಾರದು, ಪಕ್ಕದಲ್ಲಿ ನೀರಿನ ಸಿಂಪಡಕ ಇಟ್ಟುಕೊಳ್ಳಿ. ಕುಂಡದ ತೂತುಗಳಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟು, ಅದೇ ತೂತಿನಿಂದ ತಂತಿ ತೂರಿಸಿ ಗಿಡದ ಬುಡವನ್ನು ಕುಂಡಕ್ಕೆ ಬಿಗಿದು ಕಟ್ಟಿ. ಹೆಚ್ಚಿನವರು ಇದನ್ನು ಬಿಡುತ್ತಾರೆ. ಆಷಾಢದ ಗಾಳಿಗೆ ಗಿಡ ಅಲುಗಾಡಿದರೆ ಆಗತಾನೆ ಮೂಡಿದ ಕೂದಲೆಳೆ ಬೇರುಗಳೆಲ್ಲ ಹರಿಯುತ್ತವೆ. ಮಿಶ್ರಣ ಸುರಿದು ಕಡ್ಡಿಯಿಂದ ಚುಚ್ಚುತ್ತ ಬೇರುಗಳ ನಡುವಿನ ಪೊಳ್ಳು ತುಂಬಿಸಿ. ಕೆಳಗಿನಿಂದ ತಿಳಿನೀರು ಬರುವವರೆಗೆ ನೀರು ಹಾಕಿ. ಎರಡು ಮೂರು ವಾರ ನೆರಳು, ತಿಂಗಳೊಪ್ಪತ್ತು ಗೊಬ್ಬರವಿಲ್ಲ.

ಆಮೇಲೆ ಫೈಕಸ್‌ಗೆ ಎರಡು ಮೂರು ವರ್ಷಕ್ಕೊಮ್ಮೆ ಇದೇ ಕೆಲಸ. ನೀರು ಮೇಲೆಯೇ ನಿಂತು ನಿಧಾನವಾಗಿ ಇಳಿಯತೊಡಗಿದರೆ ಬೇರು ತುಂಬಿದೆ ಎಂದೇ ಅರ್ಥ. ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಪಾಲಿಸುವ ನಿಯಮವೊಂದಿದೆ: ಒಂದು ವರ್ಷಕ್ಕೆ ಒಂದೇ ದೊಡ್ಡ ಗಾಯ. ಬೇರು ಕತ್ತರಿಸಿದ ವರ್ಷ ದಪ್ಪ ಕೊಂಬೆ ಕತ್ತರಿಸುವುದಿಲ್ಲ, ಎಲೆಯೆಲ್ಲ ತೆಗೆಯುವುದಿಲ್ಲ. ಈ ನಿಯಮ ಹಾಕಿಕೊಂಡ ಮೇಲೆ ನನ್ನ ಕೈಯಲ್ಲಿ ಫೈಕಸ್ ಒಂದೂ ಸತ್ತಿಲ್ಲ.

ನೀರು

ಅಮೆರಿಕದ ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ಬೆಳೆಯುತ್ತಿರುವ ಮರ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಆ ನಗರದಲ್ಲೇ ಯಮಾಕಿ ಕುಟುಂಬದ ತೋಟದಲ್ಲಿತ್ತು, ಉಳಿದುಕೊಂಡಿತು. 1976ರಲ್ಲಿ ಆ ಕುಟುಂಬ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟಿತು. ನಾಲ್ಕು ಶತಮಾನಗಳ ಕಾಲ ಯಾರೋ ಒಬ್ಬರು ತಪ್ಪದೆ ಅದಕ್ಕೆ ನೀರು ಹಾಕಿದ್ದಾರೆ ಎಂಬುದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ, ಬೆರಳನ್ನು ಕೇಳಿ. ಅರ್ಧ ಅಂಗುಲ ಆಳದಲ್ಲಿ ತೇವವಿದ್ದರೆ ಬೇಡ, ಒಣಗುತ್ತ ಬಂದಿದ್ದರೆ ಕೊಡಿ. ಕೊಡುವಾಗ ತೂತಿನಿಂದ ಹರಿಯುವವರೆಗೆ, ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೇಕಾಗುತ್ತದೆ. ತಾರಸಿಯ ಸಿಮೆಂಟು ಕಾದು ಕುಂಡದ ತಳ ಸುಡುವುದರಿಂದ ಕುಂಡಗಳನ್ನು ಇಟ್ಟಿಗೆ ಅಥವಾ ಸ್ಟ್ಯಾಂಡಿನ ಮೇಲೆ ಎತ್ತರಿಸಿ. ಬಿಸಿಲು ನಲವತ್ತು ಡಿಗ್ರಿ ದಾಟುವ ಊರುಗಳಲ್ಲಿ ಮಧ್ಯಾಹ್ನ ಅರ್ಧ ನೆರಳಿನ ಪರದೆ ಬೇಕು. ಮಳೆ ಹಿಡಿದು ಸುರಿಯುವ ದಿನಗಳಲ್ಲಿ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆಯಾಗಿಸಿ, ನಿಂತ ನೀರು ಇಳಿಯುತ್ತದೆ. ಕೊಳವೆಬಾವಿಯ ಗಡಸು ನೀರು ಬುಡಕ್ಕೆ ಬಿಳಿ ಪದರ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟರೆ ವಾರಕ್ಕೊಮ್ಮೆಯಾದರೂ ಅದನ್ನು ಕೊಡಿ.

ಒಂದು ಮಾತು ಖಂಡಿತ. ಇದು ಟಿವಿ ಪಕ್ಕದ ಅಲಂಕಾರವಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ನೆಂಟರು ಬರುವ ದಿನ ಒಳಗೆ ತನ್ನಿ, ಮಾರನೆಯ ದಿನ ಹೊರಗಿಡಿ.

ತಂತಿ, ಕತ್ತರಿ

ಕೊಂಬೆಗೆ ದಿಕ್ಕು ಕೊಡಲು ಅಲ್ಯೂಮಿನಿಯಂ ತಂತಿ ಸಾಕು. ಒಂದರಿಂದ ನಾಲ್ಕು ಮಿಲಿಮೀಟರ್‌ವರೆಗೆ ಮೂರು ನಾಲ್ಕು ಗಾತ್ರ ಇಟ್ಟುಕೊಳ್ಳಿ. ತಂತಿ ಕೊಂಬೆಯ ಮೂರನೆಯ ಒಂದರಷ್ಟು ದಪ್ಪ ಇರಬೇಕು, ನಲವತ್ತೈದು ಡಿಗ್ರಿ ಓರೆಯಲ್ಲಿ ಸುತ್ತಬೇಕು. ಸುತ್ತಿದ ಮೇಲೆ ಎರಡೂ ಹೆಬ್ಬೆರಳು ಒಳಗಿಟ್ಟು ಮೆಲ್ಲಗೆ ಬಗ್ಗಿಸಿ. ಕಟಕಟ ಸದ್ದು ಬಂದರೆ ನಿಲ್ಲಿಸಿ. ನಮ್ಮ ಮಳೆಗಾಲದಲ್ಲಿ ಫೈಕಸ್ ಎಷ್ಟು ಬೇಗ ದಪ್ಪವಾಗುತ್ತದೆಂದರೆ ಎರಡು ತಿಂಗಳಲ್ಲೇ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. 2009ರಲ್ಲಿ ಮನೆಯ ಮದುವೆಯ ಓಡಾಟದಲ್ಲಿ ನಾನು ತಂತಿ ಬಿಚ್ಚುವುದನ್ನು ಮರೆತೆ. ಆಲದ ಎಡಗೊಂಬೆಯ ಮೇಲೆ ಆ ಸುರುಳಿ ಗುರುತು ಇಂದಿಗೂ ಮಾಸಿಲ್ಲ. ಹದಿನೈದು ದಿನಕ್ಕೊಮ್ಮೆ ನೋಡಿ. ತೆಗೆಯುವಾಗ ಸುತ್ತು ಬಿಚ್ಚಬೇಡಿ, ಕಟ್ಟರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಕೊಂಬೆಗಳ ಹಂಚಿಕೆ ಸರಳ. ಮೊದಲ ಕೊಂಬೆ ಎತ್ತರದ ಮೂರನೆಯ ಒಂದರಲ್ಲಿ, ಎರಡನೆಯದು ಎದುರು ಬದಿಗೆ ಸ್ವಲ್ಪ ಮೇಲೆ, ಮೂರನೆಯದು ಹಿಂದಕ್ಕೆ. ಚಿಗುರು ಆರೆಂಟು ಎಲೆ ಬಿಟ್ಟಾಗ ಎರಡು ಮೂರು ಎಲೆ ಉಳಿಸಿ ಚಿವುಟಿದರೆ ಕವಲೊಡೆಯುತ್ತದೆ. ಫೈಕಸ್ ಕತ್ತರಿಸಿದಲ್ಲಿ ಹಾಲು ಸುರಿಯುತ್ತದೆ, ನೀರು ಸಿಂಪಡಿಸಿದರೆ ನಿಲ್ಲುತ್ತದೆ. ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಆಲಕ್ಕೆ ಬಿಳಲು ಬೇಕೆಂದರೆ ಮಳೆಗಾಲದಲ್ಲಿ ಕೊಂಬೆಯಿಂದ ಇಣುಕಿದ ಕೆಂಪು ತುದಿಯನ್ನು ಹಿಡಿಯಿರಿ. ಎಳನೀರು ಕುಡಿಯುವ ಸ್ಟ್ರಾ ಒಂದನ್ನು ಉದ್ದಕ್ಕೆ ಸೀಳಿ, ಬಿಳಲನ್ನು ಒಳಗೆ ಸೇರಿಸಿ, ಕೆಳತುದಿಯನ್ನು ಮಣ್ಣಿಗೆ ಊರಿ, ಒಳಗೆ ಒದ್ದೆ ನಾರಿನ ಪುಡಿ ತುಂಬಿ. ಹವೆ ಒಣಗಿದ್ದರೆ ತುದಿ ಕರಕಲಾಗುತ್ತದೆ, ಸ್ಟ್ರಾದೊಳಗಿನ ತೇವ ಅದನ್ನು ಕಾಯುತ್ತದೆ. ಮಣ್ಣು ಮುಟ್ಟಿದ ಮೇಲೆ ಅದು ಬೇಗ ಬಲಿಯುತ್ತದೆ.

ಹೊಟ್ಟೆ ತುಂಬಾ ಊಟ

ಮರವನ್ನು ಉಪವಾಸ ಕೆಡವಿ ಕುಬ್ಜ ಮಾಡುವುದು ಪಾಪ ಎಂದು ನನ್ನ ತಾಯಿ ಬಹಳ ವರ್ಷ ಹೇಳುತ್ತಿದ್ದರು. ಆ ನೋವು ನನಗೆ ಅರ್ಥವಾಗುತ್ತದೆ, ಆದರೆ ನಡೆಯುವುದು ಹಾಗಲ್ಲ. ಕುಂಡದಲ್ಲಿರುವ ಮರ ತಾನೇ ಬೇರು ಚಾಚಿ ಆಹಾರ ಹುಡುಕಲಾರದು, ಆದ್ದರಿಂದ ನೆಲದ ಮರಕ್ಕಿಂತ ಹೆಚ್ಚು ಅಕ್ಕರೆಯಿಂದ ಉಣಿಸಬೇಕು. ಕಡಲೆಕಾಯಿ ಹಿಂಡಿಯನ್ನು ನಾಲ್ಕೈದು ದಿನ ನೆನೆಸಿ, ಸೋಸಿ, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ವಾಸನೆ ಜೋರು, ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ. ಬೇವಿನ ಹಿಂಡಿ ಒಂದು ಚಮಚ ತಿಂಗಳಿಗೊಮ್ಮೆ ಮಣ್ಣಿಗೆ. ಚಳಿಯ ಎರಡು ತಿಂಗಳು ಬಿಡುವು.

ಚೆನ್ನಾಗಿ ಉಂಡ ಗಿಡಕ್ಕೆ ಮಾತ್ರ ಎಲೆ ಚಿಕ್ಕದಾಗಿಸುವ ಕೆಲಸ ಮಾಡಬಹುದು. ವರ್ಷಕ್ಕೊಮ್ಮೆ ಎಲ್ಲ ಎಲೆಗಳನ್ನೂ ತೊಟ್ಟು ಉಳಿಸಿ ಕತ್ತರಿಸಿದರೆ ಮೂರು ನಾಲ್ಕು ವಾರದಲ್ಲಿ ಹೊಸ ಎಲೆ ಬರುತ್ತದೆ, ಮೊದಲಿಗಿಂತ ಚಿಕ್ಕದು. ನನ್ನ ಆಲದ ಎಲೆ ಅಂಗೈ ಅಗಲದಿಂದ ಎರಡು ಅಂಗುಲಕ್ಕೆ ಇಳಿದದ್ದು ಹೀಗೆಯೇ. ಬೋಗನ್‌ವಿಲ್ಲಾ, ಜೇಡ್‌ಗಳಿಗೆ ಇದರ ಅಗತ್ಯವಿಲ್ಲ.

ಹಿಟ್ಟು ತಿಗಣೆ, ಶಲ್ಕ ಕೀಟ ಬಂದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯುವುದೇ ಮೊದಲ ಮದ್ದು. ಆಮೇಲೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಎಲ್ಲೋ ತಿಗಣೆ ಇದೆ ಎಂದು ತಿಳಿದು ಹುಡುಕಿ. ಫೈಕಸ್‌ನ ಎಳೆ ಎಲೆ ಮಡಿಸಿಕೊಂಡಿದ್ದರೆ ಒಳಗೆ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಇರುತ್ತವೆ, ಮಡಿಸಿದ ಎಲೆಗಳನ್ನೆಲ್ಲ ಕಿತ್ತು ತಾರಸಿಯಿಂದ ಆಚೆ ಹಾಕಿ.

ವರ್ಷಗಳು ಉರುಳಿದಂತೆ

ಪ್ರತಿ ಯುಗಾದಿಯಂದು ಪ್ರತಿ ಮರದ ಒಂದು ಫೋಟೊ, ಅದೇ ಕೋನದಿಂದ. ಪಕ್ಕದಲ್ಲೊಂದು ನೋಟ್‌ಬುಕ್: ಯಾವ ದಿನ ಬೇರು ಕತ್ತರಿಸಿದ್ದು, ಯಾವ ದಿನ ತಂತಿ ಸುತ್ತಿದ್ದು. ನೆನಪನ್ನು ನಂಬಿದರೆ ಎರಡು ವರ್ಷ ಎಂದುಕೊಂಡದ್ದು ನಾಲ್ಕಾಗಿರುತ್ತದೆ. ನಾಲ್ಕು ದಿನ ಊರಿಗೆ ಹೋಗಬೇಕಾದರೆ ಕುಂಡಗಳನ್ನು ನೆರಳಿನಲ್ಲಿ ಒದ್ದೆ ಮರಳು ತುಂಬಿದ ಬಾಂಡಲಿಯೊಳಗೆ ಕೂರಿಸಿ. ಅದಕ್ಕಿಂತ ಹೆಚ್ಚು ದಿನಕ್ಕೆ ಮನುಷ್ಯರೇ ಬೇಕು. ನಾನು ಪಕ್ಕದ ಮನೆಯ ಹುಡುಗನಿಗೆ ಬೆರಳು ಅದ್ದಿ ನೋಡುವುದನ್ನು ಕಲಿಸಿದ್ದೆ. ಈಗ ಅವನ ಬಳಿಯೇ ಮೂರು ಗಿಡಗಳಿವೆ.

ಹದಿನೈದು ವರ್ಷ ದಾಟಿದ ಮರಕ್ಕೆ ಬೇರೆಯದೇ ತೊಂದರೆ. ನೆತ್ತಿಯ ಕೊಂಬೆಗಳು ಬಲಿತು ಕೆಳಗಿನವುಗಳ ಬಿಸಿಲು ಕದಿಯುತ್ತವೆ, ಕೆಳಗಿನವು ಸೊರಗುತ್ತವೆ. ಹೋದ ವರ್ಷ ನನ್ನ ಆಲಕ್ಕೂ ಹಾಗಾಯಿತು. ಮೇ ತಿಂಗಳಲ್ಲಿ ನೆತ್ತಿಗೆ ಗೂಟಿ ಕಟ್ಟಿದೆ, ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಯೊಳಗೆ ಬಿಳಿ ಬೇರುಗಳು ಸುತ್ತಿಕೊಂಡಿದ್ದವು. ಕತ್ತರಿಸಿ ಬಾಂಡಲಿಯಲ್ಲಿ ನೆಟ್ಟು, ದೀಪಾವಳಿಗೆ ಬಂದ ತಂಗಿಯ ಕೈಯಲ್ಲಿ ಧಾರವಾಡಕ್ಕೆ ಕಳಿಸಿದೆ. ಅವಳ ಹಿತ್ತಲಲ್ಲಿ ನೆಲವಿದೆ. ಐದು ವರ್ಷ ಕತ್ತರಿ ಮುಟ್ಟಿಸಬೇಡ ಎಂದು ಹೇಳಿದ್ದೇನೆ. ಇಲ್ಲಿ ಉಳಿದ ಮರದ ಗಾಯದ ಪಕ್ಕದಲ್ಲಿ ನಾಲ್ಕು ಚಿಗುರು ಬಂದಿವೆ, ಮುಂದಿನ ಮೃಗಶಿರಾ ಮಳೆಗೆ ಅವುಗಳಲ್ಲಿ ಒಂದನ್ನು ಆರಿಸಬೇಕು.